ತೋಟದಲ್ಲಿರುವ ದೊರೆಯ ಗೋರಿ, ಅಜ್ಜಿ ಹೇಳುವ ಮಾತು: ಹುಡುಕಾಟ ಎಲ್ಲಿಂದ ಶುರುವಾಗಬೇಕು?

ಓದುಗರ ಪ್ರಶ್ನೆ: ಅಮ್ಮನ ತವರಿನ ಕಾಫಿ ತೋಟ ಸಕಲೇಶಪುರ ತಾಲ್ಲೂಕಿನಲ್ಲಿದೆ. ಹಿಂದೆ ಅದು ಬಿಳಿ ದೊರೆಯೊಬ್ಬನದೆಂದು ಹೇಳಲಾಗುವ ದೊಡ್ಡ ಎಸ್ಟೇಟಿನ ಭಾಗವಾಗಿತ್ತು. ಅಲ್ಲಿ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಆಗಿದ್ದ ನಮ್ಮ ಅಜ್ಜ 1958ರಲ್ಲಿ ಕಂಪನಿಯಿಂದ 22 ಎಕರೆ ಕೊಂಡರು. ಹಳೆಯ ಬಂಗಲೆಯ ಹಿಂದೆ ಸಿಲ್ವರ್ ಮರಗಳ ನಡುವೆ ದೊರೆಯ ಗೋರಿಯಿದೆ. ಅದರ ಕಲ್ಲಿನ ಮೇಲೆ 1909 ಎಂಬ ವರ್ಷವೂ ನಾಲ್ಕಾರು ಅಕ್ಷರಗಳೂ ಮಾತ್ರ ಓದಲು ಬರುತ್ತವೆ. ಅಮ್ಮನ ತಾಯಿಗೆ ಈಗ 88 ವರ್ಷ. ತಮ್ಮ ತಾಯಿ ಆ ದೊರೆಗೆ, ಬಂಗಲೆಯ ಆಯಾ ಒಬ್ಬಳಲ್ಲಿ ಹುಟ್ಟಿದವರೆಂದು ಅವರು ಈಚೆಗೆ ಹೇಳತೊಡಗಿದ್ದಾರೆ. ಕಾಗದಗಳಲ್ಲಿ ಮುತ್ತಜ್ಜಿಯ ತಂದೆ ಎಂದು ಇರುವುದು ಬಂಗಲೆಯ ಬಟ್ಲರ್ ಹೆಸರು. ದೊರೆ ಇಂಗ್ಲೆಂಡಿನ ಲಾರ್ಡ್ ಮನೆತನದವನೆಂದು ಊರವರ ಮಾತು. ಇದನ್ನೆಲ್ಲ ಕೆದಕಿದರೆ ಲಂಡನ್ನಿನ ಮೊಮ್ಮಕ್ಕಳು ಬಂದು ತೋಟ ಕೇಳುತ್ತಾರೆಂದು ಸೋದರಮಾವ ಹೆದರುತ್ತಾರೆ. ನಮಗೇ ಅಲ್ಲಿ ಪಾಲು ಬರಬೇಕಲ್ಲವೇ ಎಂದು ಚಿಕ್ಕಮ್ಮ ಕೇಳುತ್ತಾರೆ. ನನಗೆ ಬೇಕಾಗಿರುವುದು ಆತ ಯಾರು, ಅವನ ಸಂಸಾರ ಏನಾಯಿತು ಎಂಬುದಷ್ಟೇ. ಡಿಎನ್‌ಎ ಪರೀಕ್ಷೆ ಮಾಡಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಎಳೆಗಳು ಹೆಣೆದುಕೊಂಡಿವೆ. ಗೋರಿಯಲ್ಲಿ ಮಲಗಿರುವವನು ಯಾರೆಂಬುದು ಒಂದು, ನಿಮ್ಮ ಮುತ್ತಜ್ಜಿ ಅವನ ಮಗಳೇ ಎಂಬುದು ಇನ್ನೊಂದು, ಇದರಿಂದ ಜಮೀನಿಗೆ ತೊಂದರೆಯೋ ಲಾಭವೋ ಎಂಬುದು ಮೂರನೆಯದು. ಇವನ್ನು ಒಟ್ಟಿಗೆ ಎಳೆಯಲು ಹೋದರೆ ಗಂಟು ಬಿಗಿಯಾಗುತ್ತದೆ. ಹಳೆಯ ಚರ್ಚುಗಳ ರಿಜಿಸ್ಟರುಗಳನ್ನೂ ಎಸ್ಟೇಟ್ ಕಾಗದಗಳನ್ನೂ ಓದುತ್ತ ಬಂದವನಾಗಿ, ಇಂಥ ಮನೆಗಳಲ್ಲಿ ಹುಡುಕಾಟವನ್ನು ನಿಲ್ಲಿಸುವುದು ದಾಖಲೆಯ ಕೊರತೆಗಿಂತ ಹೆಚ್ಚಾಗಿ ಜಮೀನಿನ ಭಯವೆಂದು ಕಂಡುಕೊಂಡಿದ್ದೇನೆ. ಆದ್ದರಿಂದ ಮೊದಲು ಆ ಭಯವನ್ನು ತೆಗೆದುಬಿಡೋಣ.

ನಿಮ್ಮ ಅಜ್ಜ ಕ್ರಯಕ್ಕೆ ಕೊಂಡ ಜಮೀನನ್ನು, 1909ರಲ್ಲಿ ಸತ್ತವನ ಮೊಮ್ಮಕ್ಕಳೋ ಮರಿಮಕ್ಕಳೋ ಕೇಳಿ ಪಡೆಯುವ ದಾರಿ ಕಾನೂನಿನಲ್ಲಿ ಇಲ್ಲವೆಂದೇ ಹೇಳಬೇಕು. ಮಾರಿದ್ದು ಕಂಪನಿ, ಅಂದರೆ ಅಷ್ಟರೊಳಗೆ ಜಮೀನು ದೊರೆಯ ಮನೆತನದ ಕೈಬಿಟ್ಟು ಹೋಗಿತ್ತು. ಅದರ ಮೇಲೆ, ಸ್ವಾಧೀನ ಕೇಳುವ ದಾವೆಗೆ 1963ರ ಕಾಲಮಿತಿ ಕಾಯ್ದೆ 12 ವರ್ಷದ ಗಡುವನ್ನು ಹಾಕಿದೆ. ವಿದೇಶಿಯರ ಆಸ್ತಿಯ ವಿಷಯದಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ ಕೊಟ್ಟ ತೀರ್ಪನ್ನು ಯಾರಾದರೂ ನಿಮ್ಮ ಮಾವನವರಿಗೆ ಹೇಳಿ ಹೆದರಿಸಿರಬಹುದು. ಆ ತೀರ್ಪು 1973ರ ವಿದೇಶಿ ವಿನಿಮಯ ಕಾಯ್ದೆಯ ಕೆಳಗೆ ರಿಸರ್ವ್ ಬ್ಯಾಂಕಿನ ಅನುಮತಿ ಇಲ್ಲದೆ ವಿದೇಶಿ ಪ್ರಜೆಯೊಬ್ಬರು ಮಾಡಿದ ವರ್ಗಾವಣೆಗೆ ಸಂಬಂಧಿಸಿದ್ದು. ಆ ಕಾಯ್ದೆ ಜಾರಿಗೆ ಬಂದದ್ದೇ 1974ರ ಜನವರಿ 1ರಂದು, ನಿಮ್ಮ ಕ್ರಯಪತ್ರ ಅದಕ್ಕಿಂತ 16 ವರ್ಷ ಹಿಂದಿನದು. ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ 1958ರ ಕ್ರಯಪತ್ರದ ದೃಢೀಕೃತ ನಕಲನ್ನೂ, ಸಿಗುವಷ್ಟು ಹಿಂದಿನ ಋಣಭಾರ ಪತ್ರವನ್ನೂ ತೆಗೆಸಿಡಿ. ಕಂಪನಿಗೆ ಆ ಜಮೀನು ಯಾರಿಂದ ಬಂತೆಂಬುದು ಸಾಮಾನ್ಯವಾಗಿ ಕ್ರಯಪತ್ರದ ಪೀಠಿಕೆಯಲ್ಲಿ ಬರೆದಿರುತ್ತದೆ, ದೊರೆಯ ಪೂರ್ತಿ ಹೆಸರು ನಿಮಗೆ ಸಿಗುವ ಮೊದಲ ಜಾಗವೂ ಬಹುಶಃ ಅದೇ. ಎಸ್ಟೇಟಿನಲ್ಲಿ ಸರ್ಕಾರದ ಗುತ್ತಿಗೆ ಜಮೀನು ಸೇರಿತ್ತೇ ಎಂಬುದನ್ನು ಮಾತ್ರ ವಕೀಲರಿಂದ ಪ್ರತ್ಯೇಕವಾಗಿ ನೋಡಿಸಿಕೊಳ್ಳಿ. ಅಪಾಯವೇನಾದರೂ ಇದ್ದರೆ ಅದು ಲಂಡನ್ನಿನಿಂದ ಬರುವುದಿಲ್ಲ, ಅಂಥ ಗುತ್ತಿಗೆಯ ಷರತ್ತಿನಿಂದ ಬರಬಹುದು.

ಚಿಕ್ಕಮ್ಮನವರ ಆಸೆಗೂ ಹೀಗೆಯೇ ನೇರವಾಗಿ ಉತ್ತರಿಸಬೇಕಾಗಿದೆ. ಯುರೋಪಿಯನ್ನರ ಆಸ್ತಿ ಹಂಚಿಕೆಗೆ ಇಲ್ಲಿ ಅನ್ವಯವಾಗುತ್ತಿದ್ದ 1865ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗ, ಮಗಳು ಎಂಬ ಮಾತಿಗೆ ಮದುವೆಯಲ್ಲಿ ಹುಟ್ಟಿದವರೆಂದೇ ಅರ್ಥ. ಉಯಿಲಿನಲ್ಲಿ ನಿಮ್ಮ ಮುತ್ತಜ್ಜಿಯನ್ನೇ ಗುರುತಿಸಿ ಏನಾದರೂ ಬರೆದಿಟ್ಟಿದ್ದರಷ್ಟೇ ಅವಳಿಗೆ ಸಿಗುತ್ತಿತ್ತು. ಇನ್ನೂ ಒಂದು ತೊಡಕಿದೆ. ಆಯಾ ಮತ್ತು ಬಟ್ಲರ್ ಮದುವೆಯಾದ ಮೇಲೆ ಮಗು ಹುಟ್ಟಿದ್ದರೆ, 1872ರ ಸಾಕ್ಷ್ಯ ಕಾಯ್ದೆಯ 112ನೇ ಕಲಮಿನ ಪ್ರಕಾರ, ಗಂಡ ಹೆಂಡಿರು ಕೂಡುವ ಅವಕಾಶವೇ ಇರಲಿಲ್ಲವೆಂದು ತೋರಿಸದ ಹೊರತು, ಆ ಮಗು ಗಂಡನದೇ ಎಂಬುದು ನಿರ್ಣಾಯಕ. ಈಗಿನ ಸಾಕ್ಷ್ಯ ಅಧಿನಿಯಮದ 116ನೇ ಕಲಮೂ ಅದನ್ನೇ ಹೇಳುತ್ತದೆ. ಹಾಗಾಗಿ ಪಾಲಿನ ಆಸೆಯಿಂದ ಈ ಕೆಲಸಕ್ಕೆ ಕೈಹಾಕಬೇಡಿ, ಮನೆಯಲ್ಲಿ ಯಾರಿಗೂ ಆ ಆಸೆ ಹುಟ್ಟಿಸಬೇಡಿ.

ಇನ್ನು ದೊರೆಯ ವಿಷಯ. ಮಲೆನಾಡಿನ ಪ್ರತಿ ಗೋರಿಯ ಸುತ್ತಲೂ ಒಂದು ಲಾರ್ಡ್ ಮನೆತನದ ಕಥೆ ಇದ್ದೇ ಇರುತ್ತದೆ, ಆದರೆ ನಮ್ಮ ಕಡೆಗೆ ಬಂದ ಪ್ಲಾಂಟರುಗಳಲ್ಲಿ ಅಂಥವರು ತೀರ ವಿರಳ. ಬಹುಪಾಲು ಜನ ಸ್ಕಾಟ್ಲೆಂಡ್, ಇಂಗ್ಲೆಂಡುಗಳ ಮಧ್ಯಮ ಮನೆತನಗಳ ಕಿರಿಯ ಮಕ್ಕಳು, ಸೈನ್ಯ ಬಿಟ್ಟ ಅಧಿಕಾರಿಗಳು, ಸಿಲೋನಿನಲ್ಲಿ ಕೆಲಸ ಕಲಿತು ಬಂದವರು. ಕಂಪನಿ ಸರ್ಕಾರದ ಪರವಾನಗಿ ಇಲ್ಲದೆ ಯುರೋಪಿಯನ್ನರು ಇಲ್ಲಿ ನೆಲೆಸಿ ಭೂಮಿ ಹಿಡಿಯಲು 1833ರ ಚಾರ್ಟರ್ ಕಾಯ್ದೆ ದಾರಿ ಮಾಡಿತು. ಆ ಕಾಲದಲ್ಲಿ ಚಿಕ್ಕಮಗಳೂರಿನ ಕಡೆ ಕ್ಯಾನನ್, 1843ರಲ್ಲಿ ಮಂಜರಾಬಾದಿನಲ್ಲಿ (ಈಗಿನ ಸಕಲೇಶಪುರ ಸೀಮೆ) ಫ್ರೆಡರಿಕ್ ಗ್ರೀನ್, 1854ರಲ್ಲಿ ಮಡಿಕೇರಿಯಲ್ಲಿ ಜಾನ್ ಫೌಲರ್ ತೋಟ ತೆಗೆದರು.

ನಿಮ್ಮ ಸೀಮೆಯಲ್ಲೇ ಇದ್ದ ರಾಬರ್ಟ್ ಹೆನ್ರಿ ಎಲಿಯಟ್‌ನ ಬಾಳನ್ನು ನೋಡಿದರೆ ಒಬ್ಬ ತೋಟದ ದೊರೆಯ ಜೀವನ ಹೇಗೆ ಎರಡು ನೆಲಗಳ ನಡುವೆ ಹಂಚಿಹೋಗಿತ್ತೆಂದು ತಿಳಿಯುತ್ತದೆ. 1837ರಲ್ಲಿ ಹುಟ್ಟಿದ ಆತ ಹದಿನೆಂಟರ ವಯಸ್ಸಿನಲ್ಲಿ, 1855ರಲ್ಲಿ, ಹಡಗು ಹತ್ತಿ ಬಂದು ಮರುವರ್ಷ ಮಂಜರಾಬಾದಿನಲ್ಲಿ ತೋಟ ಶುರುಮಾಡಿದ. ಮೈಸೂರಿನ ಕಾಡಿನ ಬದುಕಿನ ಬಗ್ಗೆ 1871ರಲ್ಲೂ, 38 ವರ್ಷಗಳ ಅನುಭವದ ಬಗ್ಗೆ 1894ರಲ್ಲೂ ಪುಸ್ತಕಗಳನ್ನು ಬರೆದ. ಆದರೆ ಅವನ ಬೇರು ಇದ್ದದ್ದು ಸ್ಕಾಟ್ಲೆಂಡಿನ ಕೆಲ್ಸೋ ಬಳಿಯ ಕ್ಲಿಫ್ಟನ್ ಪಾರ್ಕಿನಲ್ಲಿ. ಆಳಕ್ಕೆ ಬೇರುಬಿಡುವ ಹುಲ್ಲುಗಳನ್ನು ಬೆಳೆದು ಮಣ್ಣಿನ ಸಾರ ಉಳಿಸುವ ಪದ್ಧತಿಯನ್ನು ಅವನು ಅಲ್ಲಿ ರೂಪಿಸಿದ, ಕೃಷಿ ಚರಿತ್ರೆಯವರು ಅವನನ್ನು ನೆನೆಯುವುದು ಅದಕ್ಕಾಗಿ. 1914ರಲ್ಲಿ ತೀರಿಕೊಂಡ ಈತನ ಹುಟ್ಟು, ಬರಹ, ಬೇಸಾಯ ಎಲ್ಲಕ್ಕೂ ದಾಖಲೆ ಇದೆ. ನಿಮ್ಮ ಗೋರಿಯವನು ಪುಸ್ತಕ ಬರೆದವನಲ್ಲದಿದ್ದರೂ ಅವನ ಹೆಸರೂ ಯಾವುದಾದರೂ ರಿಜಿಸ್ಟರಿನಲ್ಲಿ ಇರುವ ಸಂಭವ ಹೆಚ್ಚು, ಏಕೆಂದರೆ ಅಂದಿನ ಬರಹದ ವ್ಯವಸ್ಥೆ ನಡೆದದ್ದೇ ಅವರಿಗಾಗಿ.

ಇನ್ನೊಂದು ತಪ್ಪು ಕಲ್ಪನೆಯನ್ನು ಇಲ್ಲಿಯೇ ಸರಿಪಡಿಸಬೇಕು. ಊರವರ ಬಾಯಲ್ಲಿ ಬಂಗಲೆಯಲ್ಲಿದ್ದವನೆಲ್ಲ ದೊರೆಯೇ. ನಿಜದಲ್ಲಿ ಅವರಲ್ಲಿ ಎಷ್ಟೋ ಜನ ಸಂಬಳದ ಮ್ಯಾನೇಜರುಗಳು, ಮಾಲೀಕನಾಗಿದ್ದರೂ ಅವನ ತೋಟ ಸಾಲ ಕೊಟ್ಟ ಏಜೆನ್ಸಿಯೊಂದಕ್ಕೆ ಅಡವಿರುತ್ತಿತ್ತು. 1867–68ರಲ್ಲಿ ಕಾಂಡಕೊರಕ ಹುಳು ಬಂದು ಗಿಡಗಳು ನಿಂತಲ್ಲೇ ಒಣಗಿದಾಗ ತೋಟ ಬಿಟ್ಟು ಹೋದವರಿದ್ದಾರೆ. ಆಮೇಲೆ ಎಲೆ ತುಕ್ಕು ರೋಗ ಬಂತು, ಬ್ರೆಜಿಲ್ಲಿನ ಕಾಫಿಯಿಂದ ಬೆಲೆ ಕುಸಿಯಿತು. 1906ರ ಅಕ್ಟೋಬರಿನಲ್ಲಿ ಮದ್ರಾಸಿನಲ್ಲಿ ಜನರ ಠೇವಣಿ ಇಟ್ಟುಕೊಂಡಿದ್ದ ಅರ್ಬತ್‌ನಾಟ್ ಎಂಬ ಬ್ಯಾಂಕಿಂಗ್ ಕಂಪನಿ ದಿವಾಳಿಯಾದಾಗ ದಕ್ಷಿಣದ ಎಷ್ಟೋ ಮನೆಗಳ ಉಳಿತಾಯ ಮುಳುಗಿತು. ಇದರ ಮೂರೇ ವರ್ಷದ ಮೇಲೆ ಸತ್ತವನು ಸಾಲದಲ್ಲಿ ಸತ್ತಿರಬಹುದೆಂಬುದಕ್ಕೂ ನೀವು ಮನಸ್ಸನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಗೋರಿಯೊಳಗೆ ನಿಧಿ ಇದೆಯೆಂದು ಅಗೆದು ಹಾಳುಮಾಡಿದ ಗೋರಿಗಳನ್ನು ನೋಡಿರುವ ನನಗೆ ಈ ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ.

ಅವನ ಸಂಸಾರದ ಬಗ್ಗೆ ನೀವು ಕೇಳಿದ್ದೀರಿ. ಇಪ್ಪತ್ತರ ಆಸುಪಾಸಿನಲ್ಲಿ ಬಂದವನಿಗೆ ಮೊದಲ ವರ್ಷಗಳಲ್ಲಿ ಮದುವೆಯಾಗುವಷ್ಟು ಸಂಬಳವಿರುತ್ತಿರಲಿಲ್ಲ, ಎಷ್ಟೋ ಕಂಪನಿಗಳಲ್ಲಿ ಸಹಾಯಕ ದೊರೆಗಳು ಮದುವೆಗೆ ಮೇಲಿನವರ ಒಪ್ಪಿಗೆ ಪಡೆಯಬೇಕಿತ್ತು. ಮದುವೆಯಾದ ಮೇಲೂ ಮಲೆನಾಡಿನ ಚಳಿಜ್ವರಕ್ಕೆ ಹೆದರಿ ಹೆಂಡತಿ ಮಕ್ಕಳನ್ನು ವರ್ಷದ ಬಹುಭಾಗ ಬೆಂಗಳೂರಿನಲ್ಲೋ ಊಟಿಯಲ್ಲೋ ಇಡುತ್ತಿದ್ದರು. ಮಕ್ಕಳಿಗೆ ಏಳೆಂಟು ವರ್ಷವಾಗುತ್ತಲೇ ಓದಲು ಹಡಗು ಹತ್ತಿಸುತ್ತಿದ್ದರು, ಆಮೇಲೆ ತಂದೆಗೂ ಮಕ್ಕಳಿಗೂ ಕಾಗದದಲ್ಲಿಯೇ ಬಳಕೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪಯಣ ಸಲೀಸಾದ ಮೇಲೆ ದೊರೆಸಾನಿಯರು ಹೆಚ್ಚಾಗಿ ಬರತೊಡಗಿದರು. ಅಲ್ಲಿಯವರೆಗೆ ಕಂಡೂ ಕಾಣದಂತಿದ್ದ, ಊರ ಹೆಂಗಸರೊಂದಿಗಿನ ಸಂಬಂಧಗಳು ಆಗ ಇನ್ನಷ್ಟು ಮುಚ್ಚಿಡುವ ವಿಷಯಗಳಾದವು. 1900ರ ಸುಮಾರಿನಲ್ಲಿ ಹುಟ್ಟಿದ ನಿಮ್ಮ ಮುತ್ತಜ್ಜಿ ಈ ಮುಚ್ಚಿಡುವ ಕಾಲಕ್ಕೆ ಸೇರಿದವರು.

ಇಂಥ ಮಕ್ಕಳಿಗೆ ಏನಾಗುತ್ತಿತ್ತು? ತಂದೆ ಒಪ್ಪಿಕೊಂಡರೆ ಮಗುವಿಗೆ ದೀಕ್ಷಾಸ್ನಾನ ಮಾಡಿಸಿ, ತನ್ನ ಮನೆತನದ ಹೆಸರು ಕೊಟ್ಟು, ಬೆಂಗಳೂರಿನ ಕಾನ್ವೆಂಟಿಗೋ ಬೋರ್ಡಿಂಗ್ ಶಾಲೆಗೋ ಸೇರಿಸುತ್ತಿದ್ದ, ಆ ಮಗು ಮುಂದೆ ಆಂಗ್ಲೋ ಇಂಡಿಯನ್ ಸಮಾಜದಲ್ಲಿ ಬೆರೆಯುತ್ತಿತ್ತು. ಉತ್ತರದ ಚಹಾ ಸೀಮೆಯಲ್ಲಿ ಇಂಥವರ ಸಂಖ್ಯೆ ಎಷ್ಟಿತ್ತೆಂದರೆ, 1900ರಲ್ಲಿ ಕಾಲಿಂಪಾಂಗ್‌ನಲ್ಲಿ ಪಾದ್ರಿ ಜಾನ್ ಆಂಡರ್ಸನ್ ಗ್ರಹಾಂ ಇಂಥ ಮಕ್ಕಳಿಗಾಗಿಯೇ ಒಂದು ಶಾಲಾಧಾಮ ತೆರೆದರು, 1908ರಿಂದ 1938ರೊಳಗೆ ಅಲ್ಲಿಂದ 130 ಮಂದಿಯನ್ನು ನ್ಯೂಜಿಲೆಂಡಿಗೆ ಕಳಿಸಲಾಯಿತು. ತಾಯಿಯ ಹೆಸರೂ ಮುಖವೂ ಮರೆತುಹೋಗುವಷ್ಟು ದೂರಕ್ಕೆ ಹೋದ ಮಕ್ಕಳು ಅವರು. ತಂದೆ ಒಪ್ಪದಿದ್ದರೆ ಮಗು ತಾಯಿಯ ಬಳಿ ಆಳುಗಳ ಲೈನ್ ಮನೆಗಳಲ್ಲಿಯೇ ಬೆಳೆಯುತ್ತಿತ್ತು. ಇವೆರಡರ ನಡುವೆ ಇನ್ನೊಂದು ದಾರಿಯಿತ್ತು. ಬಸುರಾದವಳನ್ನು ಬಂಗಲೆಯ ಬಟ್ಲರ್‌ಗೋ ಮೇಸ್ತ್ರಿಗೋ ಕಟ್ಟಿ, ಅವನಿಗೊಂದು ಮನೆಯನ್ನೋ ಖಾಯಂ ಕೆಲಸವನ್ನೋ ಕೊಟ್ಟುಬಿಡುವುದು. ನಿಮ್ಮ ಅಜ್ಜಿ ಹೇಳುವುದು ನಿಜವಾದರೆ ಅದು ಈ ದಾರಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಹೊಂದುವುದು ಬೇರೆ, ರುಜುವಾತಾಗುವುದು ಬೇರೆ. ಬಟ್ಲರನೇ ನಿಜವಾದ ತಂದೆಯಾಗಿದ್ದು, ಮಗುವಿನ ಬಿಳಿ ಬಣ್ಣವನ್ನೋ ಬೆಕ್ಕಿನ ಕಣ್ಣನ್ನೋ ನೋಡಿ ಊರು ಕಟ್ಟಿದ ಕಥೆಯೂ ಆಗಿರಬಹುದು. ತಿಳಿ ಕಣ್ಣು ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಯಾವ ದೊರೆಯ ಸಂಪರ್ಕವೂ ಇಲ್ಲದ ಮನೆಗಳಲ್ಲಿಯೂ ಇದೆ.

ಆ ಆಯಾ ದೊರೆಯೊಡನೆ ಒಪ್ಪಿ ಇದ್ದಳೇ ಎಂದು ನೀವು ಕೇಳಿಲ್ಲ, ಆದರೆ ಈ ಪ್ರಶ್ನೆ ಒಂದಲ್ಲ ಒಂದು ದಿನ ನಿಮ್ಮ ಮನಸ್ಸಿಗೆ ಬರುತ್ತದೆ. ಕೆಲವರು ಇದನ್ನು ಪ್ರೇಮಕಥೆ ಮಾಡಿಕೊಳ್ಳುತ್ತಾರೆ, ಕೆಲವರು ಬಲಾತ್ಕಾರವೆಂದೇ ತೀರ್ಮಾನಿಸುತ್ತಾರೆ. ಪುರಾವೆ ಇಲ್ಲದೆ ಎರಡನ್ನೂ ಬರೆದಿಡಬೇಡಿ. ಆದರೆ ಅಂದು ತೋಟದಲ್ಲಿ ಅಧಿಕಾರ ಹೇಗಿತ್ತೆಂಬುದನ್ನು ಮರೆಯಲೂಬೇಡಿ. ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದು ಘಟ್ಟ ಹತ್ತಿ ಬಂದ ಆಳು ಕೆಲಸ ಬಿಟ್ಟು ಹೋದರೆ ಜೈಲಿಗೆ ಹಾಕಿಸಬಲ್ಲ 1859ರ ಕರಾರುಭಂಗ ಕಾಯ್ದೆ ದಕ್ಷಿಣದ ಪ್ಲಾಂಟರುಗಳ ಕೈಯಲ್ಲಿತ್ತು. ಅಂಥ ಕಡೆ, ಮನೆಯವರ ಸಾಲ ಅದೇ ದೊರೆಯ ಪುಸ್ತಕದಲ್ಲಿರುವಾಗ, ಬೇಡವೆನ್ನುವ ಶಕ್ತಿ ಒಬ್ಬ ಆಯಾಳಿಗೆ ಎಷ್ಟಿದ್ದೀತು?

ಈಗ ಹುಡುಕುವ ಕ್ರಮ. ಎಲ್ಲಕ್ಕಿಂತ ಮೊದಲು ಅಜ್ಜಿಯ ಬಳಿ ಕುಳಿತುಕೊಳ್ಳಿ. ಲಂಡನ್ನಿನ ದಾಖಲೆ ಇನ್ನೂ ನೂರು ವರ್ಷ ಅಲ್ಲಿಯೇ ಇರುತ್ತದೆ, 88 ವರ್ಷದ ಅಜ್ಜಿಯ ನೆನಪಿಗೆ ಆ ಭರವಸೆ ಇಲ್ಲ. ದೊರೆಯ ಬಗ್ಗೆ ಕೇಳಿ ಶುರುಮಾಡಬೇಡಿ, ಕೇಳಿದ ಕಥೆಯನ್ನೇ ಮತ್ತೆ ಹೇಳಿಬಿಡುತ್ತಾರೆ. ಅವರ ತಾಯಿ ಯಾವ ಮನೆಯಲ್ಲಿ ಬೆಳೆದರು, ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದರು, ತಾಯಿಯ ತಾಯಿಯನ್ನು ಏನೆಂದು ಕರೆಯುತ್ತಿದ್ದರು, ಆಕೆ ಘಟ್ಟದ ಕೆಳಗಿನವಳೇ ಇಲ್ಲಿಯವಳೇ, ಯಾವ ದೈವಕ್ಕೆ ನಡೆದುಕೊಳ್ಳುತ್ತಿದ್ದಳು, ಯಾರ ಮನೆಯ ಮದುವೆಗೆ ಇವರನ್ನು ಕರೆಯುತ್ತಿರಲಿಲ್ಲ ಎಂದೆಲ್ಲ ಕೇಳಿ. ಕೊನೆಯ ಪ್ರಶ್ನೆ ಕಠಿಣವೆನಿಸಬಹುದು, ಆದರೆ ಎಷ್ಟೋ ಮನೆಗಳಲ್ಲಿ ನಿಜ ಹೊರಬಿದ್ದದ್ದು ಅದರಿಂದಲೇ. ಚರ್ಚಿನ ಪುಸ್ತಕಗಳಲ್ಲಿ ಇಂಥ ತಾಯಂದಿರ ಜಾಗ ಖಾಲಿ ಇರುತ್ತದೆ, ಇಲ್ಲವೇ ನೇಟಿವ್ ವುಮನ್ ಎಂಬ ಎರಡೇ ಪದ ಇರುತ್ತದೆ. ಆ ಆಯಾಳ ಹೆಸರು ಎಲ್ಲಾದರೂ ಉಳಿದಿದ್ದರೆ ನಿಮ್ಮ ಅಜ್ಜಿಯ ಬಾಯಲ್ಲಿ ಮಾತ್ರ ಉಳಿದಿದೆ. ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ದಣಿದಾಗ ನಿಲ್ಲಿಸಿ.

ಆಮೇಲೆ ಗೋರಿಯ ಕಲ್ಲು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ತಾಗಿಸಿದಂತೆ ಪಕ್ಕದಿಂದ ಹಿಡಿದು ಫೋಟೊ ತೆಗೆದರೆ, ನೇರ ಬೆಳಕಿನಲ್ಲಿ ಕಾಣದ ಅಕ್ಷರಗಳು ಎದ್ದು ಬರುತ್ತವೆ. ಪಾಚಿಯನ್ನು ನೀರು ಹಾಕಿ ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಆಸಿಡ್, ಬ್ಲೀಚಿಂಗ್ ಪುಡಿ, ಕಬ್ಬಿಣದ ಬ್ರಷ್ ಯಾವುದೂ ಬೇಡ.

ಹೆಸರು ಸಿಕ್ಕಿದ ಮೇಲೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳತ್ತ ಹೋಗಬಹುದು. ಮದ್ರಾಸ್ ಪ್ರಾಂತದ ಚರ್ಚುಗಳಿಂದ ಹೋದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ನಕಲುಗಳು ಅಲ್ಲಿ ಎನ್/2 ಎಂಬ ಸಾಲಿನಲ್ಲಿವೆ, ಮೈಸೂರು ಮತ್ತು ಕೊಡಗಿನ ಚಾಪ್ಲಿನ್‌ಗಳು (ಸರ್ಕಾರಿ ಪಾದ್ರಿಗಳು) ಕಳಿಸಿದವೂ ಅವುಗಳಲ್ಲಿ ಸೇರಿವೆ. ಬ್ರಿಟಿಷ್ ಇಂಡಿಯಾ ಕುಟುಂಬಗಳ ಸಂಘವಾದ ಫಿಬಿಸ್‌ನ ಸೂಚಿಯನ್ನು ಅಂತರಜಾಲದಲ್ಲಿ ಉಚಿತವಾಗಿ ಹುಡುಕಬಹುದು, ಫೈಂಡ್‌ಮೈಪಾಸ್ಟ್ ಎಂಬ ವಂಶ ಹುಡುಕುವ ತಾಣದಲ್ಲಿ ಹಣ ಕೊಟ್ಟರೆ ಪುಟಗಳ ಚಿತ್ರವೇ ಸಿಗುತ್ತದೆ. ತೋಟದಲ್ಲಿ ಸತ್ತವರನ್ನು ಪಾದ್ರಿ ಬರುವವರೆಗೆ ಇಟ್ಟುಕೊಳ್ಳಲಾಗದೆ ನೆರೆಯ ಪ್ಲಾಂಟರನೇ ಪ್ರಾರ್ಥನೆ ಓದಿ ಹೂಳುತ್ತಿದ್ದ ಸಂದರ್ಭಗಳಿದ್ದವು. ಆದ್ದರಿಂದ ಶವಸಂಸ್ಕಾರದ ನಮೂದು ಸಿಗದಿದ್ದರೆ ಎದೆಗುಂದಬೇಡಿ. ಮದ್ರಾಸಿನ ಅಸೈಲಂ ಪ್ರೆಸ್ ಪಂಚಾಂಗ ಎಂಬ ವಾರ್ಷಿಕ ಕೈಪಿಡಿಯಲ್ಲಿ ಎಸ್ಟೇಟು, ಮಾಲೀಕ, ಮ್ಯಾನೇಜರುಗಳ ಪಟ್ಟಿ ಇರುತ್ತಿತ್ತು. 1895ರಿಂದ 1910ರವರೆಗಿನ ಸಂಪುಟಗಳನ್ನು ಸಾಲಾಗಿ ನೋಡಿದರೆ ಆತ ಮಾಲೀಕನೋ ಮ್ಯಾನೇಜರನೋ ಎಂಬುದು ಇತ್ಯರ್ಥವಾದೀತು.

ಉಯಿಲನ್ನು ಮಾತ್ರ ತಪ್ಪದೆ ಹುಡುಕಿ. ಮದ್ರಾಸಿನಲ್ಲಿ ಪ್ರೊಬೇಟ್ ಆದ, ಅಂದರೆ ಕೋರ್ಟು ದೃಢೀಕರಿಸಿದ, ಉಯಿಲುಗಳ ನಕಲುಗಳು ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ, ಬ್ರಿಟನ್ನಿನಲ್ಲಿ ಆಸ್ತಿ ಇದ್ದವರ ಹೆಸರು 1858ರಿಂದ ಇಂಗ್ಲೆಂಡಿನ ಪ್ರೊಬೇಟ್ ಪಟ್ಟಿಯಲ್ಲೂ ಬರುತ್ತದೆ, ಸ್ಕಾಟ್ಲೆಂಡಿನವನಾದರೆ ಸ್ಕಾಟ್ಲೆಂಡ್ಸ್ ಪೀಪಲ್ ತಾಣವನ್ನು ನೋಡಬೇಕು. ಉಯಿಲನ್ನು ಓದುವಾಗ ಮಗಳು ಎಂಬ ಪದವನ್ನು ಹುಡುಕಬೇಡಿ. ಸಂಬಂಧ ಹೇಳದೆ ಒಂದು ಹುಡುಗಿಗೆ ಇಟ್ಟ ಮಾಸಾಶನ, ಬಟ್ಲರನಿಗೆ ಅವನ ಸೇವೆಗೆ ಮೀರಿದಷ್ಟು ಹಣ, ಇಂಥವಳು ಮದುವೆಯಾಗುವವರೆಗೆ ಮನೆ ಬಿಡಿಸಬಾರದೆಂಬ ಷರತ್ತು, ಒಪ್ಪಿಕೊಳ್ಳದ ತಂದೆಯರು ಗುರುತು ಬಿಟ್ಟುಹೋಗುವುದು ಇಂಥ ಸಾಲುಗಳಲ್ಲಿ.

ಡಿಎನ್‌ಎ ಪರೀಕ್ಷೆಯನ್ನು ಮಾಡಿಸಬಹುದು, ಆದರೆ ಸರಿಯಾದ ಪರೀಕ್ಷೆಯನ್ನು ಸರಿಯಾದವರಿಗೆ ಮಾಡಿಸಬೇಕು. ದೊರೆಯಿಂದ ನಿಮ್ಮವರೆಗಿನ ಎಳೆ ಮಗಳ ಮೂಲಕ ಬಂದಿರುವುದರಿಂದ ಗಂಡುಸಾಲಿನ ವೈ ವರ್ಣತಂತುವಿನ ಪರೀಕ್ಷೆ ಇಲ್ಲಿ ನಿರುಪಯೋಗಿ. ತಾಯಿಯಿಂದ ಮಕ್ಕಳಿಗೆ ಬರುವ ಮೈಟೋಕಾಂಡ್ರಿಯದ ಪರೀಕ್ಷೆ ನಿಮ್ಮನ್ನು ಕೊಂಡೊಯ್ಯುವುದು ದೊರೆಯ ಬಳಿಗಲ್ಲ, ಆ ಆಯಾಳ ಬಳಿಗೆ. ಬೇಕಾಗಿರುವುದು ಎಲ್ಲ ವರ್ಣತಂತುಗಳನ್ನೂ ನೋಡುವ ಆಟೋಸೋಮಲ್ ಪರೀಕ್ಷೆ. ಆತ ನಿಜವಾಗಿ ಮುತ್ತಜ್ಜಿಯ ತಂದೆಯಾಗಿದ್ದರೆ ಅಜ್ಜಿಯಲ್ಲಿ ಅವನ ಪಾಲು ಸುಮಾರು 25%, ನಿಮ್ಮಲ್ಲಿ 6.25% ಇರುತ್ತದೆ. ಆದ್ದರಿಂದ ಕೊಡುವುದಾದರೆ ಅಜ್ಜಿಯ ಜೊಲ್ಲಿನ ಮಾದರಿಯನ್ನೇ ಕೊಡಿ. ಇಷ್ಟು ಶೇಕಡಾ ಯುರೋಪಿಯನ್ ಎಂಬ ಅಂದಾಜು ಬಂದರೂ ಅದು ಯಾವುದೋ ಬಿಳಿಯನನ್ನು ತೋರಿಸುತ್ತದೆಯೇ ಹೊರತು ಗೋರಿಯಲ್ಲಿರುವವನನ್ನಲ್ಲ. ಅವನ ಮದುವೆಯ ಮಕ್ಕಳ ವಂಶದವರು ಯಾರಾದರೂ ಪರೀಕ್ಷೆ ಮಾಡಿದ ಕಂಪನಿಯ ಡಿಎನ್‌ಎ ಭಂಡಾರದಲ್ಲಿದ್ದು, ಅಜ್ಜಿಯೊಡನೆ ಹೊಂದಿದರೆ ಮಾತ್ರ ವಿಷಯ ಗಟ್ಟಿಯಾಗುತ್ತದೆ. ಆತನಿಗೆ ಬೇರೆ ಮಕ್ಕಳಿಲ್ಲದಿದ್ದರೆ ಅಣ್ಣತಮ್ಮಂದಿರ ವಂಶದವರೂ ಆದೀತು.

ಅಪಾಯಗಳನ್ನೂ ತೂಗಿ ನೋಡಿ. ಪರೀಕ್ಷೆಯಲ್ಲಿ ನೀವು ಹುಡುಕದ ಸತ್ಯವೂ ಹೊರಬರಬಹುದು, ಬೇರೊಂದು ತಲೆಮಾರಿನ ಗುಟ್ಟು ಬಯಲಾಗಬಹುದು. ಮಾಹಿತಿ ವಿದೇಶದ ಕಂಪನಿಯೊಂದರ ಬಳಿ ಉಳಿಯುತ್ತದೆ. ಹೊಂದಿಕೆಯಾದ ದೂರದ ನೆಂಟರು ಮಾತೇ ಆಡದಿರಬಹುದು, ಅವರ ಅಜ್ಜನ ಬಗ್ಗೆ ಅವರಿಗಿರುವ ಚಿತ್ರವನ್ನು ನೀವು ಕೆಡಿಸುತ್ತಿದ್ದೀರಿ ಎಂದೆನಿಸಬಹುದು. ಬರೆಯುವುದಾದರೆ ಮೊದಲ ಪತ್ರದಲ್ಲಿಯೇ ಆಸ್ತಿಯ ಮಾತು ಇಲ್ಲವೆಂದು ಸ್ಪಷ್ಟಪಡಿಸಿ, ಗೋರಿಯ ಒಂದು ಫೋಟೊ ಜೊತೆಗಿಡಿ. ದೂರದ ದೇಶದಲ್ಲಿ ಮಣ್ಣಾದ ಅಜ್ಜನ ಗೋರಿ ಎಲ್ಲಿದೆಯೆಂದು ತಿಳಿಯದೆ ಹುಡುಕುತ್ತಿರುವ ಮನೆಗಳು ಅಲ್ಲಿಯೂ ಇವೆ.

ಬಟ್ಲರನ ಹೆಸರಿನ ಬಗ್ಗೆ ಒಂದು ವಿನಂತಿ ಇದೆ. ಪರೀಕ್ಷೆ ಏನೇ ಹೇಳಲಿ, ವಂಶವೃಕ್ಷ ಬರೆಯುವಾಗ ಅವನನ್ನು ತೆಗೆದುಹಾಕಬೇಡಿ. ಮುತ್ತಜ್ಜಿಯನ್ನು ಸಾಕಿ, ಮದುವೆ ಮಾಡಿ ಕಳಿಸಿದವನು ಅವನೇ ಆಗಿದ್ದರೆ, ಸಾಕಿದ ತಂದೆ ಎಂದು ಬರೆದು ಅವನ ಊರು, ಮನೆತನಗಳನ್ನೂ ಅಜ್ಜಿಯಿಂದ ಕೇಳಿ ಬರೆದುಕೊಳ್ಳಿ. ಆಯಾಳನ್ನು ಎಲ್ಲಿ ಮಣ್ಣು ಮಾಡಿದರೆಂಬುದನ್ನೂ ಅದೇ ದಿನ ಕೇಳಿ. ಅಜ್ಜಿ ಜಾಗ ತೋರಿಸಬಲ್ಲರಾದರೆ, ಮಳೆ ಹಿಡಿಯುವ ಮೊದಲೇ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಗುರುತು ಹಾಕಿಸಿಕೊಂಡು ಬನ್ನಿ.